ಗಿಫ್ಟ್ ಅಂದ್ರೆ ಉಡುಗೊರೆ, ವಿಷ, ಮದುವೆ: ಯುರೋಪಿನ ಪದಗಳ ಮನೆತನ ಹುಡುಕೋದು ಹೇಗೆ

ಹೋದ ವರ್ಷ ಅಮ್ಮ ತುಮಕೂರಿಂದ ನಮ್ಮ ಮನೆಗೆ ಬಂದಿದ್ರು, ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಒಂದು ಚಿಕ್ಕ ಊರು ನಮ್ದು. ಇಲ್ಲಿ ಸುಮಾರು ಬಿಲ್ಡಿಂಗ್‌ಗಳಲ್ಲಿ ವಾಷಿಂಗ್ ಮೆಷಿನ್ ಎಲ್ಲಾ ಕೆಳಗೆ ನೆಲಮಾಳಿಗೆಯಲ್ಲೇ ಇರುತ್ತೆ, ಬಟ್ಟೆ ಬುಟ್ಟಿ ಹಿಡ್ಕೊಂಡು ಇಬ್ರೂ ಇಳಿದ್ವಿ. ಮೆಟ್ಟಿಲ ಕೆಳಗೆ ಗೋಡೆಗೆ ಒತ್ಕೊಂಡು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮೇಲೆ ಹಳದಿ ಸ್ಟಿಕ್ಕರ್. ಅಮ್ಮ ಕನ್ನಡಕ ಸರಿ ಮಾಡ್ಕೊಂಡು ಜಿ, ಐ, ಎಫ್, ಟಿ ಅಂತ ಒಂದೊಂದೇ ಅಕ್ಷರ ಕೂಡಿಸಿ ಓದಿ “ಯಾರೋ ಗಿಫ್ಟ್ ಇಟ್ಟು ಮರ್ತೋಗಿದಾರೆ ನೋಡೋ” ಅಂತ ಬಗ್ಗಿ ಕೈ ಚಾಚಿದ್ರು. ನಾನು ಬುಟ್ಟಿ ಅಲ್ಲೇ ಬಿಟ್ಟು ಅವರ ಕೈ ಹಿಡ್ಕೊಂಡೆ, ಯಾಕಂದ್ರೆ ಅದರೊಳಗಿದ್ದಿದ್ದು ಇಲಿ ಪಾಷಾಣ. ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ವಿಷ.

“ವಿಷಕ್ಕೆ ಯಾಕೋ ಗಿಫ್ಟ್ ಅಂತಾರೆ ಇವ್ರು?” ಅಂತ ಅಮ್ಮ ಆವತ್ತು ಸಂಜೆವರೆಗೂ ಕೇಳ್ತಾನೇ ಇದ್ರು, ಆ ಪ್ರಶ್ನೆಗೆ ಉತ್ತರ ಕೊಡೋಕೆ ಕೂತಿದ್ದೇ ಈ ಲೇಖನ ಆಗಿದೆ. ಯುರೋಪಿನ ಯಾವುದಾದ್ರೂ ಭಾಷೆ ಕಲೀತಾ ಇರೋರು, ಅಲ್ಲಿಗೆ ಓದೋಕೆ ಕೆಲಸಕ್ಕೆ ಹೋಗೋರು, ಅಥವಾ ಸುಮ್ನೆ ಪದಗಳ ಮೇಲೆ ಪ್ರೀತಿ ಇರೋರು, ಯಾರು ಬೇಕಾದ್ರೂ ಮಾಡಬಹುದಾದ ಕೆಲಸ ಇದು. ಒಂದು ನೋಟ್‌ಬುಕ್, ಒಂದು ಫೋನು ಸಾಕು. ಇಡೀ ಲೇಖನಕ್ಕೆ ಗಿಫ್ಟ್ ಪದವನ್ನೇ ಮುಂದಿಟ್ಕೊಂಡು ಹೋಗ್ತೀನಿ, ಬೇಕಾದ ಕಡೆ ಬೇರೆ ಪದಗಳನ್ನ ಕರೀತೀನಿ.

ಹಂತ 1: ಪದವನ್ನ ಒಂಟಿಯಾಗಿ ಬರ್ಕೋಬೇಡಿ

ಎಲ್ರೂ ಮಾಡೋ ತಪ್ಪು ಇಲ್ಲೇ ಶುರುವಾಗೋದು. ಸ್ಪೆಲಿಂಗ್ ಮಾತ್ರ ಬರ್ಕೊಂಡು ಅರ್ಥ ಹುಡುಕೋಕೆ ಹೋಗ್ತೀವಿ. ಹಾಗಲ್ಲ, ಪದದ ಪಕ್ಕ ಯಾವ ಭಾಷೆ, ನಾಮಪದವೋ ಗುಣವಾಚಕವೋ, ಲಿಂಗ ಯಾವುದು, ಅವ್ರ ಬಾಯಲ್ಲಿ ಹೇಗೆ ಕೇಳುತ್ತೆ, ಇಷ್ಟೂ ಬರೀಬೇಕು. ನನ್ನ ನೋಟ್‌ಬುಕ್‌ನಲ್ಲಿ ಆವತ್ತು ಬರೆದಿದ್ದು ಹೀಗಿತ್ತು:

ಇಂಗ್ಲಿಷ್: ಗಿಫ್ಟ್, ಉಡುಗೊರೆ.
ಜರ್ಮನ್: ದಾಸ್ ಗಿಫ್ಟ್, ನಪುಂಸಕ ಲಿಂಗ, ವಿಷ.
ಡಚ್: ದೆ ಖಿಫ್ಟ್, ಕೊಡುಗೆ. ವಿಷಕ್ಕೆ ಬಾಲ ಇಲ್ಲದ ಖಿಫ್.
ಸ್ವೀಡಿಷ್: ಎತ್ ಯಿಫ್ಟ್, ನಪುಂಸಕ ಲಿಂಗ, ವಿಷ. ಅದೇ ಸ್ಪೆಲಿಂಗ್ ಗುಣವಾಚಕ ಆದ್ರೆ ‘ಮದುವೆ ಆಗಿರೋ’.
ಡ್ಯಾನಿಷ್, ನಾರ್ವೇಜಿಯನ್: ಇಲ್ಲೂ ವಿಷ, ಮದುವೆ ಎರಡೂ.

ನಾಲ್ಕೇ ಅಕ್ಷರ, ಮೂರು ಅರ್ಥ, ಅದೂ ಒಂದಕ್ಕೊಂದು ಸಂಬಂಧಾನೇ ಇಲ್ಲ ಅನ್ಸೋ ಅಂಥವು. ಲಿಂಗ ಬರ್ಕೊಳ್ಳಿ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಜರ್ಮನ್‌ನಲ್ಲಿ ವಿಷಕ್ಕೆ ನಪುಂಸಕ ಲಿಂಗ ಸರಿ, ಆದ್ರೆ ಇನ್ನೊಂದು ಪದ ಇದೆ, ‘ದೀ ಮಿಟ್‌ಗಿಫ್ಟ್’, ಅದು ಸ್ತ್ರೀಲಿಂಗ, ಅದರ ಅರ್ಥ ವರದಕ್ಷಿಣೆ! ಮಿಟ್ ಅಂದ್ರೆ ಜೊತೆಗೆ. ಜೊತೆಗೆ ಕೊಟ್ಟು ಕಳಿಸಿದ್ದು, ನಮ್ಮಲ್ಲಿ ಬಳುವಳಿ ಅಂತೀವಲ್ಲ ಹಾಗೆ. ವಿಷಕ್ಕೂ ಬಳುವಳಿಗೂ ಒಂದೇ ತುಂಡು ಹೇಗೆ ಬಂತು ಅನ್ನೋ ಪ್ರಶ್ನೆ ಹುಟ್ಟೋದು ಲಿಂಗ ಬರ್ಕೊಂಡಾಗ ಮಾತ್ರ, ಯಾಕಂದ್ರೆ ಲಿಂಗ ಬೇರೆ ಅಂದ್ರೆ ಒಂದು ಕಾಲಕ್ಕೆ ಈ ಪದ ಎರಡು ದಾರಿ ಹಿಡಿದಿದೆ ಅಂತ ಗುಮಾನಿ ಪಡಬಹುದು.

ಹಂತ 2: ಇವತ್ತಿನ ಅರ್ಥ ಪಕ್ಕಕ್ಕಿಟ್ಟು ಅತಿ ಹಳೇ ಅರ್ಥ ಹುಡುಕಿ

ಇದಕ್ಕೆ ಶುರುವಿಗೆ ವಿಕ್ಷನರಿ ಅನ್ನೋ ಆನ್‌ಲೈನ್ ನಿಘಂಟು ಸಾಕು. ಅದರ ಒಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ, ಒಂದೇ ಸ್ಪೆಲಿಂಗ್ ಇರೋ ಪದ ಎಷ್ಟು ಭಾಷೆಯಲ್ಲಿದ್ರೂ ಎಲ್ಲಾ ಒಂದೇ ಪುಟದಲ್ಲಿ ಸಾಲಾಗಿ ಇರುತ್ತೆ. ಒಂದು ಎಚ್ಚರ ಏನಂದ್ರೆ ಜರ್ಮನ್ ನಾಮಪದಗಳು ದೊಡ್ಡಕ್ಷರದಲ್ಲಿ ಶುರುವಾಗೋದ್ರಿಂದ ಅವಕ್ಕೆ ಬೇರೆ ಪುಟ, ಚಿಕ್ಕ ಜಿ ಹಾಕಿ ಹುಡುಕಿ ಜರ್ಮನ್ ಸಿಗ್ಲಿಲ್ಲ ಅಂತ ಬಿಡ್ಬೇಡಿ. ಅಲ್ಲಿಂದ ಮುಂದೆ ಆಯಾ ಭಾಷೆಯವರದ್ದೇ ನಿಘಂಟಿಗೆ ಹೋಗಿ. ಜರ್ಮನ್‌ಗೆ ಗ್ರಿಮ್ ಸಹೋದರರ ನಿಘಂಟು ಇದೆ, ಮಕ್ಕಳ ಕಥೆಗಳನ್ನ ಸಂಗ್ರಹಿಸಿದ ಅದೇ ಗ್ರಿಮ್. ಮೊದಲ ಸಂಪುಟ 1854ರಲ್ಲಿ ಬಂತು, ಅಣ್ಣತಮ್ಮ ಇಬ್ರೂ ಹೋದ್ಮೇಲೆ ತಲೆಮಾರುಗಳು ಕೂತು ಮುಗಿಸಿದ್ದು 1961ಕ್ಕೆ. ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು ಅಂತೂ 1883ರಲ್ಲಿ ಶುರುವಾಗಿ 2023ರಲ್ಲಿ ಮುಗೀತು, 140 ವರ್ಷ! ಇವೆಲ್ಲ ಈಗ ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತೆ. ನಮ್ಮ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಲ್ಲಿ ಅಚ್ಚಾಯ್ತಲ್ಲ, ಆ ಕಿಟೆಲ್ ಕೂಡ ಜರ್ಮನಿಯವ್ರೇ, ಪದ ಕಂಡ್ರೆ ಅದರ ಬೇರುವರೆಗೂ ಅಗೆಯೋ ಈ ಪದ್ಧತಿ ಆಗಿನ ಜರ್ಮನಿಯ ವಿದ್ವಾಂಸರ ಗಾಳಿಯಲ್ಲೇ ಇತ್ತು.

ಈಗ ಗಿಫ್ಟ್‌ಗೆ ಬನ್ನಿ. ಹಳೇ ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ಬರೀ ‘ಕೊಡೋದು, ಕೊಟ್ಟಿದ್ದು’. ಹಳೇ ಇಂಗ್ಲಿಷ್‌ನಲ್ಲಿ ಅದು ಹೆಣ್ಣಿಗಾಗಿ ಕೊಡೋ ತೆರ, ಬಹುವಚನದಲ್ಲಿ ಮದುವೆ. ಹಳೇ ನಾರ್ಸ್, ಅಂದ್ರೆ ವೈಕಿಂಗ್‌ಗಳ ಭಾಷೆಯಲ್ಲಿ, ಕೊಡುಗೆ. ಎಲ್ಲದರ ಕೆಳಗೂ ಒಂದೇ ಕ್ರಿಯಾಪದ, ಜರ್ಮನ್‌ನ ಗೇಬೆನ್, ಇಂಗ್ಲಿಷ್‌ನ ಗಿವ್, ಕೊಡು. ಹಾಗಾಗಿ ಇದು ಒಂದೇ ತಾಯಿಯ ಮಕ್ಕಳ ಕೇಸು.

ಇಲ್ಲೊಂದು ಸೂಕ್ಷ್ಮ ಇದೆ, ಇಂಗ್ಲಿಷ್‌ನವ್ರ ಸ್ವಂತ ಪದ ಹಾಗೇ ಬೆಳ್ಕೊಂಡು ಬಂದಿದ್ರೆ ಇವತ್ತು ಅದು ‘ಯಿಫ್ಟ್’ ಆಗಿರಬೇಕಿತ್ತು, ಯಾಕಂದ್ರೆ ಹಳೇ ಇಂಗ್ಲಿಷ್‌ನಲ್ಲಿ ಇ ಸ್ವರಕ್ಕೆ ಮೊದಲು ಬಂದ ಗ ಯ ಥರ ಮೆತ್ತಗಾಗ್ತಿತ್ತು. ಇವತ್ತಿನ ಗಟ್ಟಿ ಗ ವೈಕಿಂಗ್‌ಗಳ ಜೊತೆ ಬಂದದ್ದು. ಇಂಗ್ಲೆಂಡಿನ ಉತ್ತರ, ಪೂರ್ವ ಭಾಗದಲ್ಲಿ ಅವ್ರು ನೆಲೆ ನಿಂತು ಊರವರ ಜೊತೆ ಬೆರೆತಾಗ ‘ಕೊಡು’ ಅನ್ನೋ ಅಷ್ಟು ಮನೆಮಾತಿನ ಪದ ಕೂಡ ಅವರ ಉಚ್ಚಾರಕ್ಕೆ ತಿರುಗ್ತು. ಸೋಜಿಗ ಅಂದ್ರೆ ಆಮೇಲೆ ಸ್ವೀಡಿಷ್‌ನವ್ರೇ ತಮ್ಮ ಗ ಮೆತ್ತಗೆ ಮಾಡ್ಕೊಂಡು ಯಿಫ್ಟ್ ಅಂತಿದಾರೆ.

ಹಂತ 3: ಅರ್ಥ ಎಲ್ಲಿ ತಿರುಗ್ತು ಅಂತ ನೋಡಿ

ಇದು ನನಗೆ ಅತ್ಯಂತ ಇಷ್ಟದ ಹಂತ, ನಿಧಾನಕ್ಕೆ ಹೋಗೋಣ.

ಮದುವೆ ಅರ್ಥ ಸುಲಭ. ಅಮ್ಮಂಗೆ ಸ್ವೀಡಿಷ್‌ನಲ್ಲಿ ಗಿಫ್ಟ್ ಅಂದ್ರೆ ಮದುವೆ ಆದೋರು ಅಂತ ಹೇಳಿದ್ದೇ ತಡ, “ಅದ್ರಲ್ಲೇನಿದೆ, ದೊಡ್ಡ ಮಗಳನ್ನ ಎಲ್ಲಿಗೆ ಕೊಟ್ರಿ ಅಂತ ನಾವು ಕೇಳಲ್ವಾ” ಅಂದ್ರು. ಅಷ್ಟೇ. ನಾನು ಎರಡು ಪುಟ ಓದಿ ಅರ್ಥ ಮಾಡ್ಕೊಂಡಿದ್ದನ್ನ ಅವ್ರು ಒಂದು ಮಾತಲ್ಲಿ ಹೇಳಿಬಿಟ್ರು. ಹೆಣ್ಣು ಕೊಡೋದು, ಹೆಣ್ಣು ತರೋದು, ಕೊಟ್ಟು ತಂದ ಸಂಬಂಧ, ಕನ್ಯಾದಾನ, ನಮ್ಮಲ್ಲೂ ಮದುವೆಯ ಮಾತೆಲ್ಲ ಕೊಡೋದರ ಸುತ್ತಾನೇ ಇದೆ. ಉತ್ತರ ಯುರೋಪಿನಲ್ಲೂ ಹಾಗೇ ಇತ್ತು, ಕೊಡೋ ಪದ್ಧತಿ ಹೋಗಿ ಎಷ್ಟೋ ಕಾಲ ಆದ್ಮೇಲೂ ಪದ ಉಳ್ಕೊಂಡಿದೆ, ಈಗ ಅಲ್ಲಿ ಗಂಡು ಹೆಣ್ಣು ಇಬ್ರಿಗೂ ಅದೇ ಪದ.

ವಿಷದ ಅರ್ಥಕ್ಕೆ ಸ್ವಲ್ಪ ಸುತ್ತಬೇಕು. ಗ್ರೀಕ್‌ನಲ್ಲಿ ‘ದೋಸಿಸ್’ ಅಂದ್ರೆ ಕೊಡೋದು. ವೈದ್ಯರು ರೋಗಿಗೆ ಒಂದು ಸಲಕ್ಕೆ ಕೊಡೋ ಔಷಧಿಯ ಅಳತೆಗೂ ದೋಸಿಸ್ ಅಂದ್ರು, ಅದು ಲ್ಯಾಟಿನ್‌ಗೆ ಹೋಯ್ತು, ಅಲ್ಲಿಂದ ಬಂದದ್ದೇ ನಾವು ಕೊರೋನ ಕಾಲದಲ್ಲಿ ಬಾಯಿಗೊಂದು ಸಲ ಹೇಳ್ತಿದ್ದ ಡೋಸ್. ಈ ಲ್ಯಾಟಿನ್ ಪದವನ್ನ ಜರ್ಮನ್‌ನವ್ರು ತಮ್ಮ ಮಾತಿಗೆ ಹಾಗೇ ಇಳಿಸ್ಕೊಂಡಾಗ, ಕೊಡೋದು ಅಂದ್ರೆ ಗಿಫ್ಟ್ ತಾನೇ, ಡೋಸ್‌ಗೂ ಗಿಫ್ಟ್ ಅಂದ್ರು. ಮೊದಲು ಕೊಟ್ಟ ಮದ್ದು, ಆಮೇಲೆ ಯಾರಿಗೋ ಕೊಟ್ಟ ‘ಅದು’, ಅಂದ್ರೆ ವಿಷ. ವಿಷ ಅಂತ ಬಾಯ್ಬಿಟ್ಟು ಹೇಳೋಕೆ ಅಂಜಿ ಮರೆಮಾಚಿ ಆಡಿದ ಮಾತು ಕೊನೆಗೆ ವಿಷದ ಹೆಸರೇ ಆಗೋಯ್ತು. ಅದಾದ್ಮೇಲೆ ಉಡುಗೊರೆಗೆ ಆ ಪದ ಯಾರೂ ಬಳಸ್ಲಿಲ್ಲ, ಗಾಬೆ ಅಂತ, ಗೆಶೆಂಕ್ ಅಂತ ಬೇರೆ ಪದ ಹಿಡ್ಕೊಂಡ್ರು, ಹಳೇ ಅರ್ಥ ಮಿಟ್‌ಗಿಫ್ಟ್ ಒಳಗೆ ಮಾತ್ರ ಬದುಕ್ಕೊಂಡಿದೆ. ನೋಟ್‌ಬುಕ್‌ನಲ್ಲಿ ಬರ್ಕೊಂಡ ಆ ಸ್ತ್ರೀಲಿಂಗ ಈಗ ಉಪಯೋಗಕ್ಕೆ ಬಂತು ನೋಡಿ.

ಇದನ್ನ ಕನ್ನಡದವ್ರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮದ್ದು ಅಂದ್ರೆ ಔಷಧಿ. ಆದ್ರೆ ಹಳ್ಳಿ ಕಡೆ ದನಿ ತಗ್ಗಿಸಿ “ಅವ್ನಿಗೆ ಯಾರೋ ಮದ್ದು ಹಾಕಿದಾರೆ” ಅಂದ್ರೆ? ಕೈಮದ್ದು ಅಂದ್ರೆ? ಊಟದಲ್ಲಿ ಏನೋ ಬೆರೆಸಿ ಕೊಟ್ಟಿದ್ದು ಅಂತ ಚಿಕ್ಕ ಮಕ್ಕಳಿಗೂ ಅರ್ಥ ಆಗುತ್ತೆ. ಒಂದೇ ಪದ ಬದುಕಿಸೋದಕ್ಕೂ ಕೊಲ್ಲೋದಕ್ಕೂ. ಫ್ರೆಂಚ್‌ನಲ್ಲೂ ಇದೇ ಕಥೆ, ಲ್ಯಾಟಿನ್‌ನ ‘ಪೋಟಿಯೋ’ ಅಂದ್ರೆ ಕುಡಿಯೋದು, ಅದು ಫ್ರೆಂಚ್‌ನಲ್ಲಿ ಸವೆದು ಪಾಯ್ಸನ್ ಆಯ್ತು, ಕುಡಿಸಿದ್ದು ಅಂದ್ರೆ ವಿಷ. ಲ್ಯಾಟಿನ್‌ನಲ್ಲಿ ವಿಷಕ್ಕೆ ‘ವೆನೇನುಂ’ ಅಂತಾರೆ, ಅದು ಪ್ರೇಮದ ದೇವತೆ ವೀನಸ್ ಹೆಸರಿನ ಸಂಬಂಧಿ, ಮೊದಲಿಗೆ ಅದು ಒಲಿಸ್ಕೊಳ್ಳೋಕೆ ಕುಡಿಸೋ ಮದ್ದು. ವಶೀಕರಣದ ಕೈಮದ್ದು ಸೀದಾ ರೋಮ್‌ನಲ್ಲೇ ಇತ್ತು ಅನ್ನಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಗ್ರೀಕ್‌ನ ದೋಸಿಸ್ ಮತ್ತೆ ನಾವು ಸಂಸ್ಕೃತದಿಂದ ತಗೊಂಡ ದಾನ, ಎರಡೂ ಒಂದೇ ಧಾತುವಿನ ಪದಗಳು. ಪೋಟಿಯೋ ಮತ್ತೆ ಪಾನ ಕೂಡ ಹಾಗೇ. ಡೋಸ್ ದಾನದ ಕಡೆಯವ್ರು, ಪಾಯ್ಸನ್ ಪಾನದ ಕಡೆಯವ್ರು. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ ಅಷ್ಟು ಖುಷಿ.

ಹೀಗೆ ಅರ್ಥ ತಿರುಗಿದ ಇನ್ನೆರಡು ಪದ ಅಭ್ಯಾಸಕ್ಕೆ ಇಟ್ಕೊಳ್ಳಿ. ಸ್ಲಿಮ್ ಅಂದ್ರೆ ಇಂಗ್ಲಿಷ್‌ನಲ್ಲಿ ತೆಳ್ಳಗೆ, ಡಚ್‌ನಲ್ಲಿ ಜಾಣ, ಜರ್ಮನ್‌ನಲ್ಲಿ ಶ್ಲಿಮ್ ಅಂದ್ರೆ ಕೆಟ್ಟದ್ದು. ಮೂರಕ್ಕೂ ಮೂಲ ಅರ್ಥ ಒಂದೇ, ಸೊಟ್ಟ, ಓರೆ. ಸೊಟ್ಟ ಆಗಿದ್ದು ಕೆಟ್ಟದ್ದು ಅಂತ ಜರ್ಮನ್‌ನವ್ರು ತಗೊಂಡ್ರು, ನೇರ ಹೋಗದೆ ಸುತ್ತಿ ಕೆಲಸ ಮಾಡ್ಕೊಳ್ಳೋನು ಜಾಣ ಅಂತ ಡಚ್‌ನವ್ರು ತಗೊಂಡ್ರು, ಇಂಗ್ಲಿಷ್‌ನವ್ರು ಡಚ್ ಕಡೆಯಿಂದ ತಗೊಂಡು ‘ಕಳಪೆ, ಅಲ್ಪ’ ಅಂತ ಬಳಸಿ ಬಳಸಿ ತೆಳ್ಳಗೆ ಮಾಡಿದ್ರು. ಎರಡನೇದು ಗಿಮ್ನಾಸಿಯಂ. ಇಲ್ಲಿರೋ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ಮನೆಮನೆ ಅನುಭವ, ಮಗು ಗಿಮ್ನಾಸಿಯಂ ಸೇರಿತು ಅಂತ ಊರಿಗೆ ಫೋನ್ ಮಾಡಿದ್ರೆ “ಹತ್ತು ವರ್ಷದ ಮಗೂನ ಈಗ್ಲೇ ಜಿಮ್‌ಗೆ ಯಾಕೆ ಕಳಿಸ್ತೀರಾ” ಅಂತಾರೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಆದ್ಮೇಲೆ ಸೇರೋ ಹೈಸ್ಕೂಲ್ ಅದು, ಮುಂದೆ ಯೂನಿವರ್ಸಿಟಿಗೆ ಹೋಗೋ ಮಕ್ಕಳ ದಾರಿ. ಗ್ರೀಕ್‌ನಲ್ಲಿ ಗಿಮ್ನೋಸ್ ಅಂದ್ರೆ ಬೆತ್ತಲೆ, ಹುಡುಗರು ಬೆತ್ತಲೆ ಕಸರತ್ತು ಮಾಡ್ತಿದ್ದ ಗರಡಿ ಅದು, ಅಲ್ಲೇ ತತ್ವಜ್ಞಾನಿಗಳೂ ಪಾಠ ಮಾಡ್ತಿದ್ರು. ಇಂಗ್ಲಿಷ್‌ನವ್ರು ಗರಡಿ ಇಟ್ಕೊಂಡ್ರು, ಜರ್ಮನ್‌ನವ್ರು ಪಾಠ ಇಟ್ಕೊಂಡ್ರು.

ಹಂತ 4: ಸಂಬಂಧಿಕರಾ, ಇಲ್ಲ ಮುಖ ಮಾತ್ರ ಒಂದೇ ಥರ ಇದೆಯಾ?

ಇಲ್ಲಿವರೆಗೆ ನೋಡಿದ್ದು ಒಂದೇ ತಾಯಿಯ ಮಕ್ಕಳು. ಆದ್ರೆ ಒಂದೇ ಥರ ಕಾಣೋದೆಲ್ಲ ಸಂಬಂಧಿಕರಲ್ಲ. ಇಟಲಿಯಲ್ಲಿ ಬುರ್ರೋ ಅಂದ್ರೆ ಬೆಣ್ಣೆ, ಸ್ಪೇನ್‌ನಲ್ಲಿ ಬುರ್ರೋ ಅಂದ್ರೆ ಕತ್ತೆ. ಬೆಣ್ಣೆಯದ್ದು ಗ್ರೀಕ್‌ನ ‘ಬೂತಿರೋನ್’, ಹಸುವಿನ ಚೀಸ್ ಅನ್ನೋ ಅರ್ಥ, ಇಂಗ್ಲಿಷ್‌ನ ಬಟರ್ ಕೂಡ ಅದೇ, ಅದರ ಮೊದಲ ತುಂಡು ನಮ್ಮ ಗೋವಿನ ಗೋ ಜೊತೆ ಒಂದೇ ಬಳ್ಳಿ. ಕತ್ತೆಯದ್ದು ಲ್ಯಾಟಿನ್‌ನ ‘ಬುರಿಕುಸ್’, ಚಿಕ್ಕ ಕುದುರೆ. ಬೇರೆ ಬೇರೆ ಪದಗಳು ಸವೆದು ಸವೆದು ಒಂದೇ ಮುಖ ಆಗಿವೆ ಅಷ್ಟೇ. ಫ್ರೆಂಚ್‌ನಲ್ಲಿ ಬ್ರೆಡ್‌ಗೆ ಬರೆಯೋ ಅಕ್ಷರಗಳು ಇಂಗ್ಲಿಷ್‌ನಲ್ಲಿ ನೋವು ಅಂತಿರೋ ಪೇನ್‌ಗೆ ಬರೆಯೋ ಅಕ್ಷರಗಳೇ, ಇಂಗ್ಲಿಷ್‌ನದ್ದು ಲ್ಯಾಟಿನ್‌ನ ಶಿಕ್ಷೆ ಅನ್ನೋ ಪದದಿಂದ, ಫ್ರೆಂಚ್‌ನದ್ದು ‘ಪಾನಿಸ್’, ರೊಟ್ಟಿ, ಅನ್ನೋದರಿಂದ. ಅದೇ ಪಾನಿಸ್ ಪೋರ್ಚುಗೀಸರ ಬಾಯಲ್ಲಿ ಪಾಂವ್ ಆಗಿ ಗೋವಾಕ್ಕೆ ಹಡಗಿನಲ್ಲಿ ಬಂದು ನಮ್ಮ ಪಾವ್ ಭಾಜಿಯ ಪಾವ್ ಆಗಿದೆ.

ಹಾಗಾದ್ರೆ ಪರೀಕ್ಷೆ ಮಾಡೋದು ಹೇಗೆ? ಧ್ವನಿ ಕ್ರಮವಾಗಿ ಬದಲಾಗಿದೆಯಾ ನೋಡಬೇಕು. ಇದು ಕನ್ನಡದಲ್ಲೇ ಇದೆ. ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು, ತಮಿಳಲ್ಲಿ ಇವತ್ತಿಗೂ ಪಾಲ್, ಪುಲಿ, ಪೂ. ಹಾಗಾಗಿ ತಮಿಳಿನ ಪ ಮತ್ತೆ ಕನ್ನಡದ ಹ ಎದುರುಬದುರು ಬಂದ್ರೆ ಅವು ಸಂಬಂಧಿಕರು ಅನ್ನೋ ಅನುಮಾನಕ್ಕೆ ಬಲ ಬರುತ್ತೆ, ನೋಡೋಕೆ ಬೇರೆ ಥರ ಇದ್ರೂ. ಯುರೋಪಿನಲ್ಲೂ ಇಂಥ ಜೋಡಿಗಳಿವೆ. ಲ್ಯಾಟಿನ್‌ನ ಕ ಇದ್ದಲ್ಲಿ ಇಂಗ್ಲಿಷ್, ಜರ್ಮನ್‌ನಲ್ಲಿ ಹ: ಕೆಂಟುಂ ಅಂದ್ರೆ ನೂರು, ಹಂಡ್ರೆಡ್. ಕೋರ್ನು ಅಂದ್ರೆ ಕೊಂಬು, ಹಾರ್ನ್. ಲ್ಯಾಟಿನ್‌ನ ಹ ಇದ್ದಲ್ಲಿ ಇವ್ರಲ್ಲಿ ಗ: ಹೋಸ್ಟಿಸ್ ಅಂದ್ರೆ ಹೊರಗಿನವ್ನು, ಗೆಸ್ಟ್. ಹೋರ್ಟುಸ್ ಅಂದ್ರೆ ತೋಟ, ಗಾರ್ಡನ್.

ಇಷ್ಟು ಕೈಯಲ್ಲಿ ಇಟ್ಕೊಂಡು ಒಂದು ಪದ ನೋಡಿ. ಲ್ಯಾಟಿನ್‌ನಲ್ಲಿ ಹಬೇರೆ ಅಂದ್ರೆ ಹೊಂದಿರೋದು. ಜರ್ಮನ್‌ನಲ್ಲಿ ಹಾಬೆನ್ ಅಂದ್ರೂ ಹೊಂದಿರೋದು. ಸದ್ದೂ ಅದೇ ಅರ್ಥವೂ ಅದೇ, ಯಾರೇ ಆದ್ರೂ ಒಂದೇ ಪದ ಅಂತಾರೆ. ಅಲ್ಲ! ಲ್ಯಾಟಿನ್‌ನ ಹ ಎದುರು ಜರ್ಮನ್‌ನಲ್ಲಿ ಗ ಬರಬೇಕು, ಹಾಗಾಗಿ ಹಬೇರೆಗೆ ಜೋಡಿ ಹಾಬೆನ್ ಅಲ್ಲ, ಗೇಬೆನ್, ಅಂದ್ರೆ ಕೊಡು, ಅಂದ್ರೆ ನಮ್ಮ ಗಿಫ್ಟ್‌ನ ತಾಯಿ. ಒಬ್ರು ಇಟ್ಕೊಂಡ್ರು ಒಬ್ರು ಕೊಟ್ರು, ಕೈ ಒಂದೇ. ಹಾಬೆನ್‌ಗೆ ಜೋಡಿ ಲ್ಯಾಟಿನ್‌ನ ಕಾಪೆರೆ, ಹಿಡಿ ಅನ್ನೋದು. ಮುಖ ನೋಡಿ ಮಣೆ ಹಾಕಬಾರದು ಅಂತಾರಲ್ಲ, ಅದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ನಮ್ಮ ಮನೆಯದ್ದೇ ಒಂದು ಪದಕ್ಕೆ ಈ ಪರೀಕ್ಷೆ ಹಾಕೋಣ. ಮದ್ದು, ಮೆಡಿಸಿನ್. ಎರಡಕ್ಕೂ ಔಷಧಿ ಅಂತ ಅರ್ಥ, ಎರಡರಲ್ಲೂ ಮ, ದ. ಇದು ಸಂಬಂಧ ಇರಲೇಬೇಕು ಅಂತ ನನಗೂ ಒಂದು ದಿನ ಅನ್ಸಿತ್ತು. ಹಂತ 2ರಲ್ಲಿ ಹೇಳಿದ ಹಾಗೆ ಹಳೇ ರೂಪಕ್ಕೆ ಹೋಗಿ. ಹಳಗನ್ನಡದಲ್ಲಿ ಅದು ಮರ್ದು. ಪರ್ದು ಹದ್ದಾದ ಹಾಗೆ, ಇರ್ದಂ ಇದ್ದ ಆದ ಹಾಗೆ, ಮರ್ದು ಮದ್ದಾಯ್ತು. ತಮಿಳಲ್ಲಿ ಇವತ್ತಿಗೂ ಮರುಂದು. ನಡುವೆ ಒಂದು ರ ಇತ್ತು, ಮೆಡಿಸಿನ್‌ನಲ್ಲಿ ಅದರ ಸುಳಿವೇ ಇಲ್ಲ, ಅದು ಲ್ಯಾಟಿನ್‌ನ ವಾಸಿ ಮಾಡೋದು ಅನ್ನೋ ಕ್ರಿಯಾಪದದಿಂದ ಬಂದದ್ದು. ಕಾಕತಾಳೀಯ, ಅಷ್ಟೇ.

ಇನ್ನೊಂದು ಬಿಟ್ರೆ ಮನಸ್ಸಿಗೆ ಸಮಾಧಾನ ಆಗಲ್ಲ. ಮಿಸ್ಟ್. ಇಂಗ್ಲಿಷ್‌ನಲ್ಲಿ ಮಂಜು, ಜರ್ಮನ್‌ನಲ್ಲಿ ಕೊಟ್ಟಿಗೆ ಗೊಬ್ಬರ, ಏನಾದ್ರೂ ಕೈಕೊಟ್ಟಾಗ ಛೆ ಅನ್ನೋ ಜಾಗದಲ್ಲೂ ಮಿಸ್ಟ್ ಅಂತಾರೆ. ಇಂಗ್ಲಿಷ್‌ನದ್ದು ಮೋಡ, ತುಂತುರು ಅನ್ನೋ ಧಾತು, ಸಂಸ್ಕೃತದಲ್ಲಿ ಅದೇ ಮೇಘ. ಜರ್ಮನ್‌ನದ್ದು ಮೂತ್ರ ಮಾಡು ಅನ್ನೋ ಧಾತು, ಸಂಸ್ಕೃತದಲ್ಲಿ ಅದೇ ಮೇಹ, ಮಧುಮೇಹದ ಮೇಹ. ಎರಡೂ ಒಂದೇ ಅಂತ ವಾದಿಸೋರೂ ಇದ್ದಾರೆ, ಆದ್ರೆ ನನಗೆ ಬೇರೆ ಅನ್ನೋರ ಮಾತೇ ಸರಿ ಕಾಣುತ್ತೆ, ಯಾಕಂದ್ರೆ ಸಂಸ್ಕೃತ ಒಂದರಲ್ಲಿ ಘ, ಇನ್ನೊಂದರಲ್ಲಿ ಹ ಇಟ್ಕೊಂಡು ಆ ಹಳೇ ವ್ಯತ್ಯಾಸ ಕಾಪಾಡಿದೆ, ಇಂಗ್ಲಿಷ್ ಜರ್ಮನ್ ಕಡೆ ಎರಡೂ ಕಲಸಿ ಒಂದೇ ಸದ್ದಾಗಿದೆ. ಮೇಘ, ಮೇಹ ಎರಡೂ ನಮ್ಮ ನಾಲಿಗೆ ಮೇಲೆ ದಿನಾ ಇರೋ ಪದಗಳು, ಜರ್ಮನ್ ವಿದ್ಯಾರ್ಥಿ ಪುಸ್ತಕ ತೆಗೆದು ಕಲೀಬೇಕಾದ ವ್ಯತ್ಯಾಸ ಕನ್ನಡದ ಮಗುವಿಗೆ ಕಿವಿಯಲ್ಲೇ ಗೊತ್ತಾಗುತ್ತೆ.

ಹಂತ 5: ಪದ ನಡೆದ ದಾರಿಯ ನಕ್ಷೆ ಬರೀರಿ

ಕೆಲವು ಪದ ಹುಟ್ಟಿದ್ದು ಒಂದೂರು, ಬೆಳೆದದ್ದು ಹತ್ತೂರು. ಇವಕ್ಕೆ ವಂಶವೃಕ್ಷಕ್ಕಿಂತ ನಕ್ಷೆ ವಾಸಿ, ಒಂದು ಹಾಳೆ ಮೇಲೆ ಊರುಗಳ ಚುಕ್ಕಿ ಇಟ್ಟು ಬಾಣ ಎಳೀರಿ. ಆರೆಂಜ್ ತಗೊಳ್ಳಿ. ಸಂಸ್ಕೃತದಲ್ಲಿ ನಾರಂಗ, ಅದೂ ದ್ರಾವಿಡ ಭಾಷೆಯಿಂದ ಹೋಗಿರಬೇಕು ಅಂತ ಬಹಳ ವಿದ್ವಾಂಸರ ಅಭಿಪ್ರಾಯ, ತಮಿಳಿನ ಉಪ್ಪಿನಕಾಯಿಯ ನಾರ್ತಂಗಾಯ್ ನೆನಪಿಸ್ಕೊಳ್ಳಿ. ಅಲ್ಲಿಂದ ಪರ್ಷಿಯನ್ ನಾರಂಗ್, ಅರಬ್ಬಿ ನಾರಂಜ್, ಅರಬ್ಬರ ಜೊತೆ ಸ್ಪೇನ್‌ಗೆ ಹೋಗಿ ನರಾಂಖಾ. ಇಟಲಿ, ಫ್ರಾನ್ಸ್ ದಾಟುವಾಗ ಶುರುವಿನ ನ ಬಿದ್ದೋಯ್ತು, ‘ಒಂದು’ ಅನ್ನೋ ಪದದ ಕೊನೆಯ ನ ಜೊತೆ ಅಂಟ್ಕೊಂಡು. ಇಂಗ್ಲಿಷ್‌ನ ಏಪ್ರನ್‌ಗೂ ಹೀಗೇ ಆಗಿದೆ, ಮೊದಲು ಅದು ನೇಪ್ರನ್.

ಆದ್ರೆ ನಕ್ಷೆ ಇಲ್ಲಿಗೇ ನಿಲ್ಲಲ್ಲ. ಅರಬ್ಬರು ತಂದಿದ್ದು ಹುಳಿ ಹಣ್ಣು. ಸಿಹಿ ಕಿತ್ತಳೆಯನ್ನ ಪೋರ್ಚುಗೀಸ್ ವ್ಯಾಪಾರಿಗಳು ಪೂರ್ವದಿಂದ ತಂದು ಹರಡಿದಾಗ ಗ್ರೀಕರು ಅದಕ್ಕೆ ಪೋರ್ಟೊಕಾಲಿ ಅಂದ್ರು, ಬಲ್ಗೇರಿಯ ರೊಮೇನಿಯದಲ್ಲೂ ಪೋರ್ಚುಗಲ್ ಹೆಸರೇ. ಗ್ರೀಕ್‌ನಲ್ಲಿ ನೆರಾಂಜಿ ಅಂತ ಇನ್ನೊಂದು ಪದ ಇದೆ, ಅದು ಹುಳಿಯದ್ದಕ್ಕೆ ಮೀಸಲು. ಡಚ್‌ನವ್ರು ಸಿನಾಸ್‌ಅಪೆಲ್ ಅಂದ್ರು, ಚೀನಾ ಸೇಬು. ಸ್ವೀಡನ್, ರಷ್ಯಾದಲ್ಲಿ ಅದನ್ನೇ ತಿರುಗಿಸಿ ಆಪೆಲ್ಸಿನ್. ಹಣ್ಣು ಯಾರ ಕೈಯಿಂದ ಬಂತು ಅಂತ ಪದ ಕೇಳಿದ್ರೇ ಗೊತ್ತಾಗುತ್ತೆ.

ಒಂದು ಬಲೆ ಇದೆ ಇಲ್ಲಿ. ದಕ್ಷಿಣ ಫ್ರಾನ್ಸ್‌ನಲ್ಲಿ ಆರೆಂಜ್ ಅನ್ನೋ ಊರೇ ಇದೆ, ಫ್ರೆಂಚರ ಬಾಯಲ್ಲಿ ಓರಾಂಜ್, ಡಚ್ ರಾಜಮನೆತನದ ಹೆಸರು ಅಲ್ಲಿಂದ ಬಂದದ್ದು. ಆ ಊರಿಗೂ ಹಣ್ಣಿಗೂ ಏನೂ ಸಂಬಂಧ ಇಲ್ಲ, ರೋಮನ್ ಕಾಲದಲ್ಲಿ ಅದು ಅರೌಸಿಯೋ, ಅದಕ್ಕೂ ಹಿಂದಿನ ಕೆಲ್ಟಿಕ್ ಜನರ ಹೆಸರು. ಸವೆದು ಹಣ್ಣಿನ ಹೆಸರಿನ ಹಾಗೇ ಆಯ್ತು, ಆಮೇಲೆ ಮನೆತನ ಆ ಬಣ್ಣವನ್ನ ತನ್ನದು ಮಾಡ್ಕೊಂಡಿತು, ಇವತ್ತು ಡಚ್ ತಂಡ ಆಡೋಕೆ ಇಳಿದ್ರೆ ಇಡೀ ಗ್ಯಾಲರಿ ಕಿತ್ತಳೆ. ನಕ್ಷೆಯಲ್ಲಿ ಇಂಥ ಕಡೆ ಎರಡು ಬೇರೆ ಬಣ್ಣದ ಪೆನ್ ಬಳಸಿ.

ಹಂತ 6: ಕಥೆ ಚೆನ್ನಾಗಿದ್ರೆ ಇನ್ನೊಂದು ಸಲ ತಾರೀಖು ನೋಡಿ

ಜರ್ಮನ್‌ನಲ್ಲಿ ಸ್ಮಶಾನಕ್ಕೆ ಫ್ರೀಡ್‌ಹೋಫ್ ಅಂತಾರೆ, ಫ್ರೀಡೆನ್ ಅಂದ್ರೆ ಶಾಂತಿ, ಹಾಗಾಗಿ ಶಾಂತಿಯ ಅಂಗಳ ಅಂತ ಇಲ್ಲಿಯವ್ರೇ ಹೇಳ್ತಾರೆ. ಹಳೇ ರೂಪದಲ್ಲಿ ಅದು ಬೇಲಿ ಹಾಕಿ ಕಾಪಾಡಿದ ಅಂಗಳ, ಚರ್ಚ್ ಸುತ್ತಲಿನದ್ದು. ಶಾಂತಿ ಆಮೇಲೆ ಜನ ಕೇಳಿಸ್ಕೊಂಡಿದ್ದು. ನಮ್ಮ ಬೆಂಗಳೂರಿನ ಬೆಂದಕಾಳೂರು ಕಥೆ ಕೂಡ ಇದೇ ಜಾತಿ, ವೀರ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಲು ಅಂತ. ಹೊಯ್ಸಳ ಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಗೆ, ಆದ್ರೆ ಬೇಗೂರಿನ ವೀರಗಲ್ಲಿನಲ್ಲಿ ಬೆಂಗುಳೂರ ಕಾಳಗ ಅಂತ ಸುಮಾರು 890ರಲ್ಲೇ ಕೆತ್ತಿದಾರೆ. ಹೆಸರು ಮೊದಲು, ಕಥೆ ಆಮೇಲೆ. ತಾರೀಖು ಒಂದೇ ಸಾಕು ತೀರ್ಮಾನಕ್ಕೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ವಿಷಯ, ದಾನ ಡೋಸ್, ಮೇಘ ಮಿಸ್ಟ್ ಅಂತೆಲ್ಲ ಓದಿದ ತಕ್ಷಣ ಯುರೋಪಿನ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದ್ದು ಅಂತ ವಾಟ್ಸಾಪ್‌ನಲ್ಲಿ ಕಳಿಸೋಕೆ ಹೋಗ್ಬೇಡಿ ದಯವಿಟ್ಟು. 1786ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾತಾಡಿದಾಗಲೇ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಉಳಿದಿಲ್ಲದ ಒಂದು ಮೂಲದಿಂದ ಬಂದಿರಬೇಕು ಅಂದಿದ್ರು. ಅಕ್ಕತಂಗಿಯರು, ತಾಯಿಮಕ್ಕಳಲ್ಲ. ಕನ್ನಡದ ಮನೆತನ ಅಂತೂ ಪೂರ್ತಿ ಬೇರೆ, 1816ರಲ್ಲಿ ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಅದನ್ನ ತೋರಿಸ್ಕೊಟ್ರು. ಹಾಗಾಗಿ ನಾವು ತಗೊಂಡು ನಮ್ಮದಾಗಿಸ್ಕೊಂಡ ದಾನ, ಪಾನ, ಮೇಘಕ್ಕೆ ಯುರೋಪಿನಲ್ಲಿ ನೆಂಟರು ಸಿಗ್ತಾರೆ, ಕೊಡು, ಕುಡಿ, ಮದ್ದುಗೆ ನೆಂಟರು ತಮಿಳು, ತೆಲುಗು, ತುಳು, ಮಲಯಾಳದ ಕಡೆ. ನೋಟ್‌ಬುಕ್‌ನಲ್ಲಿ ಕನ್ನಡ ಪದ ಬರೆದಾಗಲೆಲ್ಲ ಇದು ಮನೆಯದ್ದಾ, ತಗೊಂಡದ್ದಾ ಅಂತ ಪಕ್ಕದಲ್ಲಿ ಗುರುತು ಹಾಕಿ, ಎಷ್ಟೋ ತಪ್ಪು ಅಲ್ಲೇ ತಪ್ಪುತ್ತೆ.

ಈಗ ನಿಮ್ಮ ಸರದಿ. ಮೊದಲ ಪುಟಕ್ಕೆ ‘ಬಾರ್ನ್’ ಬರ್ಕೊಳ್ಳಿ, ಬಿ, ಎ, ಆರ್, ಎನ್. ಇಂಗ್ಲಿಷ್‌ನಲ್ಲಿ ಅದು ಕಣಜ, ಸ್ವೀಡಿಷ್‌ನಲ್ಲಿ ಮಗು. ಒಂದು ಜವೆಗೋಧಿ ಇಡೋ ಮನೆಯಿಂದ ಬಂದದ್ದು, ಇನ್ನೊಂದು ಹೊರೋದು, ಹೆರೋದು ಅನ್ನೋ ಕಡೆಯಿಂದ, ನಮ್ಮ ಭಾರ ಅನ್ನೋ ಪದ ಆ ಎರಡನೇದರ ಪಕ್ಕದಲ್ಲೇ ಕೂತಿದೆ. ಲಿಂಗ ಬರ್ಕೊಳ್ಳೋದು ಮರೀಬೇಡಿ, ಸ್ವೀಡಿಷ್‌ನಲ್ಲಿ ‘ಎತ್ ಬಾರ್ನ್’.